ಮಾಳಮಡ್ಡಿಯ ಕ್ಯಾಸೆಟ್‌ಗಳಲ್ಲಿ ಕೇಳಿದ ‘ಟಕ್’: ಒಂದು ಪ್ರಕರಣ

ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬ ಹಿರಿಯರು ಮನೆಯಲ್ಲೇ ಕೂತು ದಶಕಗಟ್ಟಲೆ ಹಿಂದುಸ್ತಾನಿ ಸಂಗೀತದ ಖ್ಯಾಲ್ ಪಾಠ ಹೇಳಿದರು. ವೇದಿಕೆ ಹತ್ತಿದ್ದು ಕಡಿಮೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಅವರ ಹಾಡುಗಾರಿಕೆ ಗ್ರಾಮಫೋನ್ ತಟ್ಟೆಗಳಲ್ಲಿದೆ, ರೇಡಿಯೋ ಮುದ್ರಣಗಳಲ್ಲಿದೆ, ಹತ್ತಾರು ಜನರ ಹತ್ತಿರ ಅದರ ಪ್ರತಿಗಳಿವೆ. ಆದರೆ ಮನೆಪಾಠ ಹೇಳಿದವರ ದನಿ ಉಳಿದಿರೋದು ಮನೆಯ ಕ್ಯಾಸೆಟ್‌ಗಳಲ್ಲಿ ಮಾತ್ರ. ಈ ಮನೆಯಲ್ಲಿ ಅಂಥ 62 ಕ್ಯಾಸೆಟ್‌ಗಳಿದ್ದವು. 1983ರಿಂದ 1994ರವರೆಗಿನ ತಾಲೀಮು, ನಡುನಡುವೆ ಗುರುಪೂರ್ಣಿಮೆಯ ಬೈಠಕ್. ಅದಕ್ಕೇ ಇಲ್ಲಿ ಒಂದೊಂದು ಸೆಕೆಂಡಿಗೂ ಬೆಲೆ ಇದೆ.

ಹಿರಿಯರು ಈಗಿಲ್ಲ. ಅವರ ಮಗಳು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಓಣಿಯವರೆಲ್ಲ ಅವರನ್ನು ಅಕ್ಕೋರು ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. 2012ರಲ್ಲಿ ಅವರು ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದ್ದರು. 2021ರಲ್ಲಿ ಆ ಹಾರ್ಡ್ ಡಿಸ್ಕ್ ಕೆಟ್ಟಿತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಡೇಟಾ ತೆಗೆಸಿ, ಹೊಸ ಡಿಸ್ಕಿಗೆ ತುಂಬಿಸಿಕೊಂಡು ಬಂದರು. ಎಲ್ಲಾ ಫೈಲ್ ಇದ್ದವು, ಎಲ್ಲವೂ ತೆರೆದುಕೊಂಡವು. ಕೇಳಲು ಕೂತಾಗ ಮಾತ್ರ ತೊಂದರೆ ಕಂಡಿತು.

"ತಂಬೂರಿ ನಡೀತಿರ್ತದ, ನಡುವ ಕಡ್ಡಿ ಮುರಿದ್ಹಂಗ ಟಕ್ ಅಂತದ ನೋಡ್ರಿ. ಅಪ್ಪಾರು ಷಡ್ಜ ಹಚ್ಚಿ ನಿಂತಿರ್ತಾರ, ಅಲ್ಲೇ ಟಕ್" ಅಂದರು ಅಕ್ಕೋರು.

ಅವರ ಅಣ್ಣನ ಮಗ ಕಂಪ್ಯೂಟರ್ ಬಲ್ಲವನು. ಆಡಾಸಿಟಿ ಎಂಬ ಧ್ವನಿ ತಿದ್ದುವ ಪ್ರೋಗ್ರಾಂ ಹಾಕಿಕೊಂಡು ಅದರಲ್ಲಿರುವ ಕ್ಲಿಕ್ ತೆಗೆಯುವ ಸೌಲಭ್ಯವನ್ನು ನಾಲ್ಕೈದು ಫೈಲುಗಳ ಮೇಲೆ ಓಡಿಸಿದ್ದ. ಟಕ್ ಹೋಗಲಿಲ್ಲ. ತಬಲಾದ ಕಿನಾರೆಯ, ಅಂದರೆ ಅಂಚಿನ, ‘ನಾ’ ಎಂಬ ಪೆಟ್ಟು ಮಾತ್ರ ಮೊಂಡಾಯಿತು. ಅದು ಸಹಜವೇ. ಆ ಸೌಲಭ್ಯ ಹುಡುಕೋದು ಚೂಪಾದ, ಪುಟ್ಟ ಏರಿಳಿತಗಳನ್ನು, ಮತ್ತು ಬೆರಳು ಕಿನಾರೆಗೆ ತಾಗಿದ ಗಳಿಗೆಯೂ ಅಷ್ಟೇ ಚೂಪು. ಪುಣ್ಯಕ್ಕೆ ಹುಡುಗ ಮೂಲ ಫೈಲುಗಳನ್ನು ಬೇರೆ ಫೋಲ್ಡರಿನಲ್ಲಿ ಹಾಗೇ ಬಿಟ್ಟಿದ್ದ.

ನಾನು ಹೇಳಿದ ಮೊದಲ ಮಾತು ಇಷ್ಟೇ: ಟಕ್ ಎಲ್ಲಿದೆ ಅಂತ ಗೊತ್ತಾಗುವವರೆಗೆ ಯಾವ ಫೈಲನ್ನೂ ಮುಟ್ಟೋದು ಬೇಡ. ಸದ್ದು ಕ್ಯಾಸೆಟ್ಟಿನಲ್ಲೇ ಇರಬಹುದು. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಬರುವಾಗ ಹುಟ್ಟಿರಬಹುದು. ಡಿಸ್ಕಿನಲ್ಲಿ ಕೂತಾಗ ಹುಟ್ಟಿರಬಹುದು. ಫೈಲ್ ಚೆನ್ನಾಗಿದ್ದು, ಕೇಳಿಸುವ ಕಂಪ್ಯೂಟರ್ ತಡವರಿಸುತ್ತಿರಬಹುದು. ಕಿವಿಗೆ ಈ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಮದ್ದು ಮಾತ್ರ ಬೇರೆ ಬೇರೆ.

ಜಾಗ ಬದಲಾಗುವ ಟಕ್

ಮೊದಲ ಪರೀಕ್ಷೆಗೆ ಯಾವ ಸಾಫ್ಟ್‌ವೇರೂ ಬೇಡ. ಒಂದು ಪೆನ್ನು, ಒಂದು ಹಾಳೆ ಸಾಕು. ಒಂದೇ ಫೈಲಿನ ಐದು ನಿಮಿಷದ ತುಂಡನ್ನು ಮತ್ತೆ ಮತ್ತೆ ಕೇಳುವುದು, ಟಕ್ ಎಂದಾಗ ನಿಮಿಷ, ಸೆಕೆಂಡು ಬರೆದುಕೊಳ್ಳುವುದು. ಪ್ರತಿ ಸಲ ಅದೇ ಜಾಗದಲ್ಲಿ ಬಂದರೆ ಅದು ಫೈಲಿನೊಳಗಿದೆ. ಜಾಗ ಬದಲಾದರೆ ಕೇಳಿಸುವ ಯಂತ್ರದ್ದು.

ಅಕ್ಕೋರು ಹಾಳೆಯಲ್ಲಿ ಬರೆದದ್ದು ನೋಡಿದಾಗ ಎರಡೂ ಬಗೆಯವು ಸಿಕ್ಕವು. ಕೆಲವು ಟಕ್ ಪ್ರತಿ ಸಲ ಅದೇ ಸೆಕೆಂಡಿಗೆ, ಕೆಲವು ಅಲ್ಲೊಮ್ಮೆ ಇಲ್ಲೊಮ್ಮೆ. ಅದೇ ಫೈಲನ್ನು ಮೊಬೈಲಿಗೆ ಹಾಕಿ, ತಂತಿ ಇರುವ ಇಯರ್‌ಫೋನಿನಲ್ಲಿ ಕೇಳಿಸಿದೆ. ಬ್ಲೂಟೂತ್ ಬೇಡ ಅಂದೆ, ಅದು ತಾನೇ ನಡುವೆ ಕಡಿಯೋದುಂಟು. ಮೊಬೈಲಿನಲ್ಲಿ ಅಲೆದಾಡುವ ಟಕ್ ಪೂರ್ತಿ ಮಾಯ. ಜಾಗ ಬಿಡದ ಟಕ್‌ಗಳು ಅಲ್ಲೇ ಇದ್ದವು. ಒಂದೇ ದೂರಿನೊಳಗೆ ಕನಿಷ್ಠ ಎರಡು ರೋಗ ಸೇರಿಕೊಂಡಿದ್ದವು.

ಅಲೆದಾಡುವ ಟಕ್‌ನ ಕತೆ ಬೇಗ ಮುಗಿಯಿತು. ವಿಂಡೋಸಿನ ಧ್ವನಿ ವ್ಯವಸ್ಥೆ ಸಾಮಾನ್ಯವಾಗಿ 10 ಮಿಲಿಸೆಕೆಂಡಿಗೊಮ್ಮೆ ಮುಂದಿನ ತುಂಡನ್ನು ಸಿದ್ಧ ಮಾಡುತ್ತದೆ. ಆ ಹೊತ್ತಿಗೆ ಇನ್ಯಾವುದೋ ಡ್ರೈವರ್ (ಕಂಪ್ಯೂಟರಿನ ಒಂದು ಉಪಕರಣವನ್ನು ನಡೆಸುವ ಪ್ರೋಗ್ರಾಂ) ಪ್ರೊಸೆಸರನ್ನು ಹಿಡಿದು ಕೂತರೆ ತುಂಡು ತಡವಾಗುತ್ತದೆ, ಸ್ಪೀಕರಿಗೆ ಏನೂ ಸಿಗೋದಿಲ್ಲ, ಟಕ್ ಅನ್ನುತ್ತದೆ. ಯಾವ ಡ್ರೈವರ್ ಹೀಗೆ ಮಾಡುತ್ತಿದೆ ಅಂತ ತೋರಿಸಲು ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರ್ ಇದೆ. ಅದನ್ನು ಓಡಿಸಿ ಕಾಲು ಗಂಟೆ ಹಾಡು ಹಚ್ಚಿಟ್ಟೆವು. ಪಟ್ಟಿಯ ಮೇಲ್ತುದಿಗೆ ಬಂದದ್ದು ನೆಟ್‌ವರ್ಕ್ ಡ್ರೈವರ್. ಕಂಪ್ಯೂಟರಿನ ಹಿಂದೆ ಚುಚ್ಚಿದ್ದ ಪುಟ್ಟ ಯುಎಸ್‌ಬಿ ವೈಫೈ ಕಡ್ಡಿಯದ್ದು. ಅದನ್ನು ಕಿತ್ತು ಕೇಳಿದೆವು, ಟಕ್ ನಿಂತಿತು. ಮತ್ತೆ ಚುಚ್ಚಿದೆವು, ಬಂತು. ಹೀಗೆ ಎರಡೂ ಕಡೆಯಿಂದ ನೋಡಿದ ಮೇಲೇ ಕಾರಣ ಸಿಕ್ಕಿತು ಅನ್ನಬೇಕು. ಬರೀ ತೆಗೆದಾಗ ನಿಂತಿತು ಅನ್ನೋದು ಸಾಲದು. ಡ್ರೈವರನ್ನು ಹೊಸದು ಮಾಡಿ, ಪವರ್ ಪ್ಲ್ಯಾನನ್ನು ವಿದ್ಯುತ್ ಉಳಿಸುವ ಬಗೆಯಿಂದ ಬದಲಿಸಿದ ಮೇಲೆ ವೈಫೈ ಇದ್ದರೂ ಸದ್ದು ಸ್ವಚ್ಛವಾಯಿತು.

ಜಾಗ ಬಿಡದ ಟಕ್

ಇದು ನಿಜವಾದ ಪ್ರಕರಣ. ಅಕ್ಕೋರಿಗೆ ಒಂದು ಅನುಮಾನ ಮೊದಲಿಂದ ಇತ್ತು. "ವಿಲಂಬಿತ ಇದ್ದ ಕ್ಯಾಸೆಟ್ ಅಷ್ಟ ಕೆಟ್ಟಾವ್ರಿ. ದ್ರುತ್ ಬಂದಿಶ್ ಇದ್ದವು ಛಲೋ ಅದಾವ" ಅಂತ ಅವರ ಮಾತು. ನಿಧಾನ ಲಯದ ವಿಲಂಬಿತ ಮೊದಲು, ವೇಗದ ದ್ರುತ್ ಬಂದಿಶ್ (ರಚನೆ) ಆಮೇಲೆ ಹಾಡುವುದರಿಂದ ಕ್ಯಾಸೆಟ್ಟಿನ ಮೊದಲ ಅರ್ಧ ಜಾಸ್ತಿ ಸವೆದಿರಬೇಕು ಅಂತ ಅವರ ಲೆಕ್ಕ. ಕೇಳಿದ್ದು ಸರಿಯಾಗೇ ಇತ್ತು, ಕಾರಣ ಮಾತ್ರ ಬೇರೆ. ವಿಲಂಬಿತದ ಆಲಾಪದಲ್ಲಿ ತಂಬೂರಿ, ದನಿ, ಬಿಡಿಬಿಡಿ ತಬಲಾ ಪೆಟ್ಟು ಬಿಟ್ಟರೆ ಮರೆಮಾಡಲು ಏನೂ ಇಲ್ಲ. ಕೂದಲೆಳೆಯಷ್ಟು ಕಡಿದರೂ ಕಿವಿ ಹಿಡಿಯುತ್ತದೆ. ದ್ರುತ್ ತೀನತಾಲದಲ್ಲಿ ತಬಲಾದ ಪೆಟ್ಟುಗಳ ನಡುವೆ ಅದೇ ಕಡಿತ ಅಡಗಿ ಕೂರುತ್ತದೆ. ಹಾಗಾಗಿ ಕಿವಿಯ ಲೆಕ್ಕ ಬಿಟ್ಟು ಅಲೆಯ ಚಿತ್ರ ನೋಡಬೇಕಾಯಿತು.

ಭೀಮಪಲಾಸ ರಾಗದ ಒಂದು ಫೈಲು. 3 ನಿಮಿಷ 32 ಸೆಕೆಂಡಿನ ಹತ್ತಿರ ಟಕ್. ಆಡಾಸಿಟಿಯಲ್ಲಿ ಆ ಜಾಗವನ್ನು ಹಿಗ್ಗಿಸುತ್ತಾ ಹೋದೆ, ಒಂದೊಂದು ಸ್ಯಾಂಪಲ್ಲೂ (ಸೆಕೆಂಡಿಗೆ ಸಾವಿರಾರು ಸಲ ತೆಗೆದ ದನಿಯ ಒಂದೊಂದು ಅಳತೆ) ಬಿಡಿ ಚುಕ್ಕೆಯಾಗಿ ಕಾಣುವವರೆಗೆ. ಎಡಗಡೆ ತಂಬೂರಿಯ ಅಲೆ ಏರುತ್ತಾ ಬರುತ್ತದೆ. ಒಂದು ಚುಕ್ಕೆ ಮೇಲಿದೆ, ಅದರ ಪಕ್ಕದ್ದು ನೇರ ಸೊನ್ನೆಯ ಗೆರೆ ಮೇಲೆ. ಅಲ್ಲಿಂದ ಮುಂದೆ ಎಲ್ಲವೂ ಸೊನ್ನೆ, ಎಡ ಬಲ ಎರಡೂ ಚಾನಲ್ಲಿನಲ್ಲಿ. ಆಮೇಲೆ ಅಷ್ಟೇ ಥಟ್ಟನೆ ಅಲೆ ಮತ್ತೆ ಶುರು. ಹೀಗೆ ಒಮ್ಮೆಲೇ ಬಿದ್ದು ಒಮ್ಮೆಲೇ ಎದ್ದ ಎರಡು ಅಂಚುಗಳೇ ಕಿವಿಗೆ ಟಕ್ ಆಗಿ ಕೇಳೋದು.

ಇಲ್ಲೇ ಒಂದು ದಾರಿ ಮುಚ್ಚಿತು. ಕ್ಯಾಸೆಟ್ಟಿನಲ್ಲಿ ಪೂರ್ತಿ ಸೊನ್ನೆ ಅನ್ನೋದು ಇಲ್ಲ. ಯಾರೂ ಹಾಡದಿದ್ದರೂ ಟೇಪಿನ ಸುಯ್ ಎನ್ನುವ ಸದ್ದು ಇದ್ದೇ ಇರುತ್ತದೆ. ಈ ಫೈಲುಗಳಲ್ಲಿ ಆ ಸುಯ್ ಸದ್ದಿನ ಚುಕ್ಕೆಗಳು ಸೊನ್ನೆಯ ಆಚೀಚೆ ಹತ್ತಾರು ಅಂಕಿಗಳಷ್ಟು ಅಲುಗಾಡುತ್ತಿದ್ದವು. 16 ಬಿಟ್ ಧ್ವನಿಯಲ್ಲಿ ಒಂದು ಚುಕ್ಕೆ ಮೈನಸ್ 32,768ರಿಂದ 32,767ರವರೆಗೆ ಎಲ್ಲಿ ಬೇಕಾದರೂ ಕೂರಬಹುದು. ಸಾಲಾಗಿ ಸಾವಿರ ಚುಕ್ಕೆ ಸೊನ್ನೆಯಲ್ಲೇ ಕೂರೋದು ಟೇಪಿನಿಂದ ಆಗುವ ಕೆಲಸವಲ್ಲ. ಅಂದರೆ ತಪ್ಪು ಕ್ಯಾಸೆಟ್ಟಿನದ್ದಲ್ಲ. ಕ್ಯಾಸೆಟ್ ಸವೆದಿದೆ ಅಂತ ಎಸೆಯುವ ಮಾತು ಮನೆಯಲ್ಲಿ ಬಂದಿತ್ತಂತೆ. ಈ ಸೊನ್ನೆಗಳನ್ನು ತೋರಿಸಿ ಅದನ್ನು ನಿಲ್ಲಿಸಿದೆ.

ಮುಂದಿನದು ಎಣಿಕೆ. ಆ ಸೊನ್ನೆಗಳ ಸಾಲು ಸರಿಯಾಗಿ 1,024 ಚುಕ್ಕೆ ಉದ್ದ. ಬೇರೆ ಜಾಗ ನೋಡಿದೆ, 1,024. ಇನ್ನೊಂದು ಕಡೆ 2,048. ಒಂದು ಕಡೆ 8,192, ಅದು ಕಿವಿಗೆ ಟಕ್ ಅಲ್ಲ, ದನಿಯೇ ಒಮ್ಮೆ ನಿಂತು ಬಂದಂತೆ ಕೇಳುತ್ತಿತ್ತು. ಎಲ್ಲವೂ 1,024ರ ಮಗ್ಗಿ. ಇಷ್ಟು ಅಚ್ಚುಕಟ್ಟಾದ ಅಳತೆ ಬಂದಾಗ ಅದರ ಹಿಂದೆ ಯಂತ್ರದ ಕೈ ಇದೆ ಅಂತ ತಿಳಿಯಬೇಕು.

ಲೆಕ್ಕ ಹೀಗಿದೆ. ಫೈಲುಗಳು ಸಿಡಿಯ ಅಳತೆಯವು: ಸೆಕೆಂಡಿಗೆ 44,100 ಸ್ಯಾಂಪಲ್, 16 ಬಿಟ್, ಎರಡು ಚಾನಲ್. ಎಡ ಬಲ ಸೇರಿ ಒಂದು ಸ್ಯಾಂಪಲ್ಲಿಗೆ 4 ಬೈಟ್. 1,024 ಸ್ಯಾಂಪಲ್ಲಿಗೆ 4,096 ಬೈಟ್. ಈಗಿನ ಹಾರ್ಡ್ ಡಿಸ್ಕುಗಳಲ್ಲಿ ಒಂದು ಸೆಕ್ಟರಿನ, ಅಂದರೆ ಡಿಸ್ಕ್ ಒಮ್ಮೆಗೆ ಓದುವ ತುಂಡಿನ, ಗಾತ್ರ ಅಷ್ಟೇ, 4,096 ಬೈಟ್. ಒಂದು ಸೆಕ್ಟರ್ ಹೋದರೆ 23 ಮಿಲಿಸೆಕೆಂಡ್ ಸಂಗೀತ ಹೋಗುತ್ತದೆ.

ಆದರೆ ಇಷ್ಟಕ್ಕೇ ಡಿಸ್ಕಿನ ಮೇಲೆ ಹೊರಿಸುವಂತಿರಲಿಲ್ಲ. 2012ರಲ್ಲಿ ಕ್ಯಾಸೆಟ್ ಹಾಕುವಾಗಲೂ ಸಾಫ್ಟ್‌ವೇರ್ ಧ್ವನಿಯನ್ನು ತುಂಡು ತುಂಡಾಗಿ ಹಿಡಿಯುತ್ತದೆ. ಆ ತುಂಡಿನ ಅಳತೆಯೂ 1,024 ಸ್ಯಾಂಪಲ್ ಇರಬಹುದು. ಒಂದು ತುಂಡು ತಪ್ಪಿದರೆ ಅದೇ ಉದ್ದದ ಸೊನ್ನೆ ಬರಬಹುದು ಅಲ್ವಾ? ಇದನ್ನು ಬಿಡಿಸಿದ್ದು 11 ಎಂಬ ಒಂದು ಅಂಕಿ.

ಭೀಮಪಲಾಸದ ಸೊನ್ನೆಗಳು ಶುರುವಾಗಿದ್ದು 93,56,277ನೇ ಸ್ಯಾಂಪಲ್ಲಿನಿಂದ. ರೆಕಾರ್ಡ್ ಮಾಡುವಾಗ ತುಂಡು ತಪ್ಪಿದ್ದರೆ ಈ ಅಂಕಿ 1,024ರಿಂದ ಭಾಗವಾಗಬೇಕಿತ್ತು, ಯಾಕೆಂದರೆ ಆ ಎಣಿಕೆ ಹಾಡಿನ ಮೊದಲ ಸ್ಯಾಂಪಲ್ಲಿನಿಂದ ನಡೆಯುತ್ತದೆ. ಭಾಗವಾಗಲಿಲ್ಲ. 11 ಕೂಡಿಸಿ ನೋಡಿ: 93,56,288. ಅದು 1,024ರ 9,137 ಪಟ್ಟು, ಶೇಷವೇ ಇಲ್ಲ. ಈ 11 ಎಲ್ಲಿಂದ ಬಂತು? ಈ ಫೈಲುಗಳು ವೇವ್ ಎಂಬ ಧ್ವನಿ ಬಗೆಯವು; ಸಾಮಾನ್ಯ ವೇವ್ ಫೈಲಿನ ತಲೆಯಲ್ಲಿ 44 ಬೈಟಿನ ವಿವರ ಇರುತ್ತದೆ, ಎಷ್ಟು ಚಾನಲ್, ಎಷ್ಟು ಬಿಟ್ ಅಂತ. ಹಾಡು ಶುರುವಾಗೋದು ಅದರ ನಂತರ. 44 ಬೈಟನ್ನು 4ರಿಂದ ಭಾಗಿಸಿದರೆ 11. ಡಿಸ್ಕಿಗೆ ಹಾಡು ಗೊತ್ತಿಲ್ಲ, ಅದು ಫೈಲಿನ ಮೊದಲ ಬೈಟಿನಿಂದ ಎಣಿಸುತ್ತದೆ. ಆದ್ದರಿಂದ ಸೆಕ್ಟರಿನ ಗಡಿ ಹಾಡಿನ ಎಣಿಕೆಯಲ್ಲಿ ಯಾವಾಗಲೂ 11 ಸ್ಯಾಂಪಲ್ ಮೊದಲೇ ಬೀಳುತ್ತದೆ. ಉಳಿದ ಜಾಗಗಳಿಗೂ 11 ಕೂಡಿಸಿ ನೋಡಿದೆ. ಎಲ್ಲವೂ ಶೇಷವಿಲ್ಲದೆ ಭಾಗವಾದವು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ. ಇನ್ನು ಊಹೆಗೆ ಜಾಗವಿರಲಿಲ್ಲ.

ಆಗಿದ್ದು ಇಷ್ಟು. ಹಳೇ ಡಿಸ್ಕಿನ ಕೆಲವು ಸೆಕ್ಟರುಗಳು ಓದಲು ಬರದಂತಾಗಿದ್ದವು. ಅಂಗಡಿಯವರ ಸಾಫ್ಟ್‌ವೇರ್ ಓದಲಾಗದ ಕಡೆ ಸೊನ್ನೆ ತುಂಬಿ ಮುಂದೆ ಹೋಗಿದೆ. ಅದು ಅಂಥ ಸಾಫ್ಟ್‌ವೇರುಗಳ ವಾಡಿಕೆ, ಇಲ್ಲದಿದ್ದರೆ ಫೈಲೇ ಸಿಗುತ್ತಿರಲಿಲ್ಲ. ಆದರೆ ಎಲ್ಲೆಲ್ಲಿ ಸೊನ್ನೆ ತುಂಬಿದೆ ಎಂಬ ಪಟ್ಟಿಯನ್ನು ಕುಟುಂಬಕ್ಕೆ ಕೊಟ್ಟಿರಲಿಲ್ಲ. ಕೊಡಬೇಕಿತ್ತು. ಎಲ್ಲಾ ಸರಿಯಾಗಿ ಬಂದಿದೆ ಅನ್ನೋ ಮಾತನ್ನು ನಂಬಿ ಮನೆಯವರು ಕ್ಯಾಸೆಟ್ ಎಸೆದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ವೇವ್ ಫೈಲಿಗೆ ತನ್ನೊಳಗಿನ ಹಾಡು ಸರಿ ಇದೆಯೇ ಎಂದು ಪರೀಕ್ಷಿಸುವ ಯಾವ ವ್ಯವಸ್ಥೆಯೂ ಇಲ್ಲ. ಗಾತ್ರ ಅಷ್ಟೇ ಇರುತ್ತದೆ, ತೆರೆಯುತ್ತದೆ, ಹಾಡುತ್ತದೆ, ಎಲ್ಲೂ ದೋಷದ ಸಂದೇಶ ಬರೋದಿಲ್ಲ.

ಹುಡುಕಾಟ ಮತ್ತು ದುರಸ್ತಿ

ಅರ್ಧ ಗಂಟೆಯ ಒಂದೊಂದು ಫೈಲನ್ನೂ ಕಣ್ಣಲ್ಲಿ ನೋಡುತ್ತಾ ಕೂರೋಕೆ ಆಗೋದಿಲ್ಲ. ಹುಡುಗನಿಗೆ ಪೈಥಾನ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಬರುತ್ತಿತ್ತು. ಎರಡೂ ಚಾನಲ್ಲಿನಲ್ಲಿ ಸಾಲಾಗಿ 500ಕ್ಕಿಂತ ಜಾಸ್ತಿ ಸೊನ್ನೆ ಬಂದರೆ ಅದರ ಶುರು, ಉದ್ದ ಮತ್ತು 11 ಕೂಡಿಸಿದಾಗ ಉಳಿಯುವ ಶೇಷ, ಇಷ್ಟನ್ನು ಬರೆದಿಡುವ ಸಣ್ಣ ಪ್ರೋಗ್ರಾಂ ಬರೆದ. ಇಡೀ ಸಂಗ್ರಹದಲ್ಲಿ 31 ಫೈಲುಗಳು ಸಿಕ್ಕವು. ಅದರಲ್ಲಿ ದ್ರುತ್ ಫೈಲುಗಳೂ ಇದ್ದವು, ಮನೆಯವರು ‘ಛಲೋ ಅದಾವ’ ಅಂದುಕೊಂಡಿದ್ದವೇ.

ಈಗ ಸೊನ್ನೆಯ ಜಾಗಕ್ಕೆ ಏನು ತುಂಬುವುದು? ಆಡಾಸಿಟಿಯಲ್ಲಿ ರಿಪೇರ್ ಎಂಬ ಸೌಲಭ್ಯ ಇದೆ, ಅದು 128 ಸ್ಯಾಂಪಲ್ಲಿಗಿಂತ ದೊಡ್ಡ ತುಂಡನ್ನು ಒಪ್ಪೋದಿಲ್ಲ. ಅದು ಸರಿಯಾದ ಮಿತಿಯೇ. ಅಷ್ಟು ಚಿಕ್ಕದಾದರೆ ಆಚೀಚೆಯ ಅಲೆ ನೋಡಿ ನಡುವಿನದನ್ನು ಅಂದಾಜಿಸಬಹುದು. 1,024 ಆದರೆ ಅದು ಅಂದಾಜಲ್ಲ, ಹೊಸದಾಗಿ ಹಾಡಿದಂತೆ. ಸೊನ್ನೆಗಳನ್ನು ಕತ್ತರಿಸಿ ಎರಡು ತುದಿ ಜೋಡಿಸೋಣ ಅಂತ ಹುಡುಗ ಕೇಳಿದ. ಟಕ್ ಹೋಗುತ್ತದೆ, ನಿಜ. ಆದರೆ 8,192 ಸ್ಯಾಂಪಲ್ ಅಂದರೆ 186 ಮಿಲಿಸೆಕೆಂಡ್. ದ್ರುತ್ ಲಯದಲ್ಲಿ ಅಷ್ಟು ಕತ್ತರಿಸಿದರೆ ತಾಲದ ಮಾತ್ರೆ ಓಡುತ್ತದೆ, ಸಮ್ (ತಾಲದ ಮೊದಲ ಪೆಟ್ಟು) ಮುಂಚೆ ಬಂದು ಕೂರುತ್ತದೆ. ಪಾಠದ ಧ್ವನಿಮುದ್ರಣದಲ್ಲಿ ಲಯ ಕೆಡಿಸುವುದಕ್ಕಿಂತ ಟಕ್ ಇರಲಿ ಅಂತ ನನ್ನ ಪಕ್ಷ. ಅಕ್ಕೋರೂ ಅದನ್ನೇ ಹೇಳಿದರು: "ಲಯಕ್ಕ ಕೈ ಹಚ್ಚಬ್ಯಾಡ್ರಿ."

ಮೊದಲು ನೋಡಿದ್ದು ಹಳೇ ಡಿಸ್ಕ್. ಅಂಗಡಿಯವರು ಅದನ್ನು ವಾಪಸ್ ಕೊಟ್ಟಿದ್ದರು, ಟ್ರಂಕಿನಲ್ಲಿತ್ತು. ಅದನ್ನು ವಿಂಡೋಸಿಗೆ ಜೋಡಿಸದೆ, ವಿಂಡೋಸಿಗೆ ಬದಲಾಗಿ ಲಿನಕ್ಸ್ ಎಂಬ ವ್ಯವಸ್ಥೆ ಇರುವ ಪೆನ್ ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರಿನಿಂದ ಇಡೀ ಡಿಸ್ಕಿನ ನಕಲು ತೆಗೆದೆವು. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವುದನ್ನೆಲ್ಲ ತೆಗೆದುಕೊಳ್ಳುತ್ತದೆ, ಹಟ ಮಾಡುವ ಜಾಗಗಳಿಗೆ ಆಮೇಲೆ ಬರುತ್ತದೆ. ಯಾವುದು ಬಂತು, ಯಾವುದು ಬರಲಿಲ್ಲ ಎಂಬುದನ್ನು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಸಾಯುತ್ತಿರುವ ಡಿಸ್ಕಿನಿಂದ ಫೈಲುಗಳನ್ನು ಒಂದೊಂದಾಗಿ ಎಳೆದು ನಕಲು ಮಾಡೋದು ಬೇಡವೇ ಬೇಡ. ಪ್ರತಿ ಓದೂ ಅದಕ್ಕೆ ಭಾರ.

ಹಲವು ಸೆಕ್ಟರುಗಳು ಈ ಸಲ ಓದಲು ಬಂದವು. ಹೀಗೆ ಬಂದ ಫೈಲನ್ನೂ ಅಂಗಡಿಯಿಂದ ಬಂದ ಫೈಲನ್ನೂ ಬೈಟಿಗೆ ಬೈಟ್ ಹೋಲಿಸಿದೆವು. ಸೊನ್ನೆ ಇದ್ದ ಜಾಗ ಬಿಟ್ಟರೆ ಎಲ್ಲೂ ಒಂದು ಬೈಟಿನ ವ್ಯತ್ಯಾಸವೂ ಇರಲಿಲ್ಲ. ಭೀಮಪಲಾಸದ ಆ 23 ಮಿಲಿಸೆಕೆಂಡಿನಲ್ಲಿ ತಂಬೂರಿ ತನ್ನ ಪಾಡಿಗೆ ನಡೆದಿತ್ತು. 31ರಲ್ಲಿ 19 ಫೈಲುಗಳು ಇಷ್ಟರಿಂದಲೇ ಪೂರ್ಣವಾದವು.

ಉಳಿದ 12ಕ್ಕೆ ಕ್ಯಾಸೆಟ್ಟೇ ಗತಿ. ಧಾರವಾಡದ ಮಳೆಗಾಲದ ತೇವಕ್ಕೆ ಕೆಲವು ಸುರುಳಿಗಳ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಅವನ್ನು ಡೆಕ್ಕಿಗೆ ಹಾಕುವ ಮೊದಲೇ ಬೇರೆ ತೆಗೆದಿಟ್ಟು, ಕೈಯಿಂದ ನಿಧಾನಕ್ಕೆ ಸುತ್ತಿ ಒರೆಸಿಕೊಂಡೆವು. ಒಂದರಲ್ಲಿ ಟೇಪನ್ನು ಹೆಡ್ಡಿಗೆ (ಡೆಕ್ಕಿನಲ್ಲಿ ಟೇಪ್ ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ತುಂಡು ಬಿದ್ದುಹೋಗಿತ್ತು. ಸುರುಳಿಯನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿದೆವು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪ್ರತಿ ಕ್ಯಾಸೆಟ್ಟಿಗೂ ಹೆಡ್ಡಿನ ಓರೆಯನ್ನು ಕಿವಿಗೊಟ್ಟು ಸರಿಪಡಿಸಿ ಹೊಸದಾಗಿ ರೆಕಾರ್ಡ್ ಮಾಡಿದೆವು. ಆ ಹೊತ್ತಿನಲ್ಲಿ ವೈಫೈ ಬಂದ್, ಬೇರೆ ಯಾವ ಪ್ರೋಗ್ರಾಮೂ ಇಲ್ಲ.

ಹೀಗೆ ಹೊಸದಾಗಿ ಕೇಳುವಾಗಲೇ ಮೂರನೇ ರೋಗವೂ ಸಿಕ್ಕಿತು. ಒಂದು ಕ್ಯಾಸೆಟ್ಟಿನ 2012ರ ಫೈಲಿನಲ್ಲಿ ಟಕ್ ಇತ್ತು, ಸೊನ್ನೆ ಇರಲಿಲ್ಲ. ಅಲೆ ಒಂದು ಎತ್ತರದಿಂದ ಇನ್ನೊಂದಕ್ಕೆ ನೇರ ಜಿಗಿದಿತ್ತು, ಅಷ್ಟೇ. ಅಕ್ಕೋರು ಕೈಯಲ್ಲಿ ತಾಲ ಹಾಕುತ್ತಾ ಕೇಳಿದರು. ಏಕತಾಲದ ಠೇಕಾ, ಅಂದರೆ ತಬಲಾದ ಸುತ್ತು, ಅಲ್ಲಿ ಒಮ್ಮೆ ಮುಂದಕ್ಕೆ ಹಾರುತ್ತಿತ್ತು. ಹೊಸ ಮುದ್ರಣದಲ್ಲಿ ಹಾರಲಿಲ್ಲ. ಅಂದರೆ 2012ರಲ್ಲಿ ರೆಕಾರ್ಡ್ ಆಗುವಾಗ ಕಂಪ್ಯೂಟರ್ ಒಂದಿಷ್ಟು ಧ್ವನಿಯನ್ನು ಹಿಡಿಯದೆ ಬಿಟ್ಟಿತ್ತು. ಇಂಥದ್ದನ್ನು ಸೊನ್ನೆ ಹುಡುಕುವ ಪ್ರೋಗ್ರಾಂ ಎಂದಿಗೂ ಹಿಡಿಯೋದಿಲ್ಲ. ಎರಡು ಮುದ್ರಣಗಳ ಒಟ್ಟು ಉದ್ದ ಹೋಲಿಸಿದರೂ ಸುಮ್ನೆ ಗೊಂದಲ, ಟೇಪು ಓಡುವ ವೇಗ ಡೆಕ್ಕಿನಿಂದ ಡೆಕ್ಕಿಗೆ ಬೇರೆ ಇರುತ್ತದೆ. ತಾಲ ಗೊತ್ತಿದ್ದ ಕಿವಿಯೇ ಬೇಕಾಯಿತು.

ಇನ್ನೊಂದು ಟಕ್ ಹೊಸ ಮುದ್ರಣದಲ್ಲೂ ಅದೇ ಜಾಗದಲ್ಲಿ ಬಂತು. ಒಂದಲ್ಲ, ಬೆನ್ನುಬೆನ್ನಿಗೆ ಮೂರು ನಾಲ್ಕು. ಕೆಳಗೆ ಟೇಪಿನ ಸುಯ್ ಸದ್ದು ಎಲ್ಲೂ ಕಡಿದಿಲ್ಲ. ಅದರ ಹಿಂದೆಯೇ ಹಿರಿಯರ ಮಾತು ಕೇಳುತ್ತದೆ: "ಕರೆಂಟ್ ಬಂತು ನೋಡು." ಟ್ಯೂಬ್‌ಲೈಟ್ ಮಿಣಮಿಣ ಎಂದು ಹತ್ತುವಾಗ ಸ್ಟಾರ್ಟರಿನಿಂದ ಬಂದ ಸದ್ದು ಅದು. ಟೇಪ್ ರೆಕಾರ್ಡರ್ ಸೆಲ್ಲಿನ ಮೇಲೆ ನಡೆಯುತ್ತಿತ್ತು ಅಂತ ಅಕ್ಕೋರಿಗೆ ನೆನಪಾಯಿತು. ಕತ್ತಲಲ್ಲೂ ಪಾಠ ನಿಂತಿರಲಿಲ್ಲ. ಇದನ್ನು ತೆಗೆಯುವ ಪ್ರಶ್ನೆಯೇ ಇಲ್ಲ.

ಸರಿಯಾದ ಫೈಲುಗಳನ್ನೆಲ್ಲ ಫ್ಲ್ಯಾಕ್ ರೂಪಕ್ಕೆ ಬದಲಿಸಿದೆವು. ಒಂದು ಚುಕ್ಕೆಯೂ ಕಳೆಯದೆ ಗಾತ್ರ ಕಡಿಮೆಯಾಗುತ್ತದೆ. ನನಗೆ ಮುಖ್ಯವಾದದ್ದು ಗಾತ್ರವಲ್ಲ. ಫ್ಲ್ಯಾಕ್ ಫೈಲಿನೊಳಗೆ ಇಡೀ ಹಾಡಿನ ಒಂದು ಗುರುತಂಕಿ ಇರುತ್ತದೆ. ಮುಂದೆ ಎಂದಾದರೂ ಡಿಸ್ಕ್ ಕೆಟ್ಟು ಒಂದು ಸೆಕ್ಟರ್ ಸೊನ್ನೆಯಾದರೂ ಪರೀಕ್ಷೆ ಮಾಡಿದ ಕೂಡಲೇ ದೋಷ ತೋರಿಸುತ್ತದೆ. ಹುಡುಗ ಆರು ತಿಂಗಳಿಗೊಮ್ಮೆ ಆ ಪರೀಕ್ಷೆ ಓಡಿಸುತ್ತೇನೆ ಅಂದಿದ್ದಾನೆ. ಒಂದು ಪ್ರತಿ ಮನೆಯಲ್ಲಿ, ಒಂದು ಅವನ ಹತ್ತಿರ ಪುಣೆಯಲ್ಲಿ. ಕ್ಯಾಸೆಟ್‌ಗಳು ಈಗ ಅಟ್ಟದಿಂದ ಇಳಿದು ಒಣಗಿದ ಕಪಾಟಿನಲ್ಲಿವೆ.

ಎರಡು ಫೈಲು ಮಾತ್ರ ಬಾಕಿ. ಅವುಗಳ ಕ್ಯಾಸೆಟ್ ಯಾರೋ ಶಿಷ್ಯರು ಒಯ್ದದ್ದು ಮರಳಿಲ್ಲ, ಹಳೇ ಡಿಸ್ಕಿನಲ್ಲೂ ಆ ಸೆಕ್ಟರುಗಳು ಬರಲಿಲ್ಲ. ಅವುಗಳಲ್ಲಿ ಸೊನ್ನೆಗಳನ್ನು ಹಾಗೇ ಬಿಟ್ಟು, ಯಾವ ಸ್ಯಾಂಪಲ್ಲಿನಿಂದ ಎಷ್ಟು ಹೋಗಿದೆ ಎಂಬ ಪಟ್ಟಿಯನ್ನು ಫೈಲಿನ ಪಕ್ಕದಲ್ಲೇ ಇಟ್ಟಿದ್ದೇವೆ. ಗದಗಿನಲ್ಲಿರುವ ಇನ್ನೊಬ್ಬ ಶಿಷ್ಯರ ಹತ್ತಿರ ಒಂದು ಕ್ಯಾಸೆಟ್ಟಿನ ನಕಲು ಇದೆಯಂತೆ. ಅದು ನಕಲಿನ ನಕಲು, ಸುಯ್ ಸದ್ದು ಜಾಸ್ತಿ ಇರುತ್ತದೆ, ವೇಗವೂ ಹೊಂದಲಿಕ್ಕಿಲ್ಲ. ಆದರೂ 23 ಮಿಲಿಸೆಕೆಂಡಿನ ತುಂಡುಗಳಿಗೆ ಸಾಕಾಗಬಹುದು. ಶ್ರಾವಣ ಮುಗಿದ ಮೇಲೆ ಕಳಿಸುತ್ತೇನೆ ಅಂದಿದ್ದಾರೆ.